ಹಗುರ ಬಂದೂಕು, ಅರ್ಧ ಅಕ್ಷತೆ

ನಮ್ಮ ಮನೆಯ ಶೋಕೇಸಿನಲ್ಲಿ, ಚನ್ನಪಟ್ಟಣದ ಗೊಂಬೆಗಳ ಪಕ್ಕದಲ್ಲಿ ಒಂದು ಪುಟ್ಟ ಗಾಜಿನ ಶೀಶೆ ಇದೆ. ಆಸ್ಪತ್ರೆಯ ಲ್ಯಾಬಿನಲ್ಲಿ ಸ್ಯಾಂಪಲ್ ಹಾಕಿಡುವಂಥದ್ದು. ಅದರೊಳಗೆ ಅರ್ಧ ಅಕ್ಕಿಕಾಳು. ಒಂದು ಕಾಲಕ್ಕೆ ಹಳದಿಯಾಗಿದ್ದದ್ದು ಈಗ ಎಣ್ಣೆ ಕುಡಿದು ಕಪ್ಪಾಗಿದೆ. ಮನೆಗೆ ಬಂದವರು ಗೊಂಬೆಗಳನ್ನು ನೋಡುತ್ತಾರೆ, ಶೀಶೆಯನ್ನು ನೋಡುತ್ತಾರೆ, ಆಮೇಲೆ ನನ್ನ ಮುಖ ನೋಡುತ್ತಾರೆ. ನಾನು ಪೆಥಾಲಜಿಸ್ಟ್ ಎಂದು ಗೊತ್ತಿದ್ದವರು ಇದು ಯಾರದೋ ಹೊಟ್ಟೆಯಿಂದ ತೆಗೆದದ್ದಿರಬೇಕು ಎಂದುಕೊಂಡು ಕಾಫಿ ಲೋಟವನ್ನು ಸ್ವಲ್ಪ ದೂರ ಸರಿಸುತ್ತಾರೆ. ಬಂದೂಕಿನ ಹೊಟ್ಟೆಯಿಂದ ತೆಗೆದದ್ದು ಎಂದು ಹೇಳಿದರೆ ಲೋಟವನ್ನು ಪೂರ್ತಿ ಕೆಳಗಿಟ್ಟು ನಮ್ಮ ಯಜಮಾನರ ಕಡೆ ತಿರುಗುತ್ತಾರೆ.

ಹೌದು, ನನ್ನ ಬಳಿ ಬಂದೂಕಿದೆ. ಅಂಗಡಿಯಲ್ಲಿ ಸಿದ್ಧವಾಗಿದ್ದದ್ದನ್ನು ತಂದದ್ದೂ ಅಲ್ಲ. ಒಂದೊಂದು ಭಾಗವನ್ನೂ ನಾನೇ ಆರಿಸಿ, ಚೌಕಾಸಿ ಮಾಡಿ, ಕೂಡಿಸಿಕೊಂಡದ್ದು. ಅರವತ್ತರ ಹತ್ತಿರ ಬಂದಿರುವ, ಮೊಟ್ಟೆಯನ್ನೂ ಮುಟ್ಟದ, ಶುಕ್ರವಾರ ತಪ್ಪದೆ ತುಪ್ಪದ ದೀಪ ಹಚ್ಚುವ ಹೆಂಗಸಿಗೆ ಇದೆಲ್ಲ ಯಾಕೆ ಎಂದು ನೀವೂ ಕೇಳುತ್ತೀರಿ, ನನಗೆ ಗೊತ್ತು. ಜರ್ಮನಿಯ ಈ ಕಾರ್ಲ್ಸ್‌ರುಹೆಯ ಕನ್ನಡಿಗರೆಲ್ಲ ಆಗಲೇ ಕೇಳಿ ಆಗಿದೆ. ನಾದಿನಿ ಹುಬ್ಬಳ್ಳಿಯಿಂದ ಫೋನ್ ಮಾಡಿ ಕೇಳಿದಳು. ಕಲೋನ್‌ನಲ್ಲಿರುವ ಮಗಳು ನನ್ನ ಕನ್ನಡದ ವಿವರಣೆಯನ್ನೆಲ್ಲ ತಾಳ್ಮೆಯಿಂದ ಕೇಳಿಸಿಕೊಂಡು, ನಿನ್ನ ವಯಸ್ಸಿನ ಬೇರೆ ಅಮ್ಮಂದಿರು ಸ್ವೆಟರ್ ಹೆಣೆಯುತ್ತಾರೆ ಎಂದು ಜರ್ಮನ್‌ನಲ್ಲಿ ಉತ್ತರಿಸಿದಳು. ಹೆಣೆಯಲಿ, ಬೇಡ ಎಂದವರು ಯಾರು? ಹೆಣೆಯುವವರನ್ನು ಯಾಕೆ ಹೆಣೆಯುತ್ತೀರಿ ಎಂದು ಯಾರೂ ಕೇಳುವುದಿಲ್ಲವಲ್ಲ, ಅದು ನನ್ನ ಸಿಟ್ಟು.

ಇದಕ್ಕೆಲ್ಲ ಮೂಲ ಖಾಕಿ ಪ್ಯಾಂಟು. ನಾನು ಹುಟ್ಟಿ ಬೆಳೆದದ್ದು ಭದ್ರಾವತಿಯಲ್ಲಿ. ಅಲ್ಲಿ ಕಾಲೇಜು ಸೇರಿದಾಗ ನಮ್ಮ ಮನೆಯ ಹೆಣ್ಣುಮಕ್ಕಳು ಪ್ಯಾಂಟು ತೊಡಬೇಕಾದರೆ ಸರ್ಕಾರವೇ ಬಂದು ಹೇಳಬೇಕಿತ್ತು. ಎನ್‌ಸಿಸಿ ಸೇರಿದರೆ ಸರ್ಕಾರವೇ ಹೇಳುತ್ತದೆ ಎಂದು ಗೊತ್ತಾದ ದಿನವೇ ಹೆಸರು ಕೊಟ್ಟೆ. ಪ್ಯಾಂಟಿನ ಜೊತೆಗೆ ರೈಫಲ್ಲೂ ಬಂತು. ಕ್ಯಾಂಪಿನಲ್ಲಿ ಕೆಮ್ಮಣ್ಣಿನ ಮೇಲೆ ಬೋರಲು ಮಲಗಿ, ಮೊಣಕೈ ತರಚಿಕೊಂಡು, ನಮ್ಮ ಉಸ್ತಾದ್ ಹಿಂದಿಯಲ್ಲಿ ಬೈಯುತ್ತಿದ್ದದ್ದನ್ನು ಕಿವಿಯಾಚೆಗೆ ಬಿಟ್ಟು ಮೊದಲ ಸಲ ಗುಂಡು ಹಾರಿಸಿದೆ. ಆತ ಹೋಗಿ ನನ್ನ ಕಾಗದದ ಗುರಿಯನ್ನು ತಂದು ನೋಡಿದ. ತೂತುಗಳೆಲ್ಲ ಒಂದು ಎಂಟಾಣೆ ನಾಣ್ಯದ ಅಡಿಯಲ್ಲಿ ಮುಚ್ಚಿಹೋಗುವಷ್ಟು ಹತ್ತಿರವಿದ್ದವು. ಆತ ಹೊಗಳಲಿಲ್ಲ. ಬೈಯುವುದನ್ನು ನಿಲ್ಲಿಸಿ ಇನ್ನಷ್ಟು ಗುಂಡು ಕೊಟ್ಟ. ನನ್ನ ಜೀವನದಲ್ಲಿ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ನನಗೆ ಸಿಕ್ಕಿಲ್ಲ, ಎಂ.ಡಿ.ಯದ್ದೂ ಸೇರಿಸಿ.

ಆಮೇಲೆ ಓದು, ಮದುವೆ, ಜರ್ಮನಿ, ಆಸ್ಪತ್ರೆ, ಮಗಳು. ಇಷ್ಟನ್ನು ದಾಟುವಷ್ಟರಲ್ಲಿ ಕೂದಲು ಬೆಳ್ಳಗಾಗಿತ್ತು. ಒಂದು ಭಾನುವಾರ ನಮ್ಮ ಬಡಾವಣೆಯ ಶ್ಯುಟ್ಸೆನ್‌ಫರಾಯ್ನ್, ಅಂದರೆ ಗುರಿಕಾರರ ಸಂಘ, ಯಾರು ಬೇಕಾದರೂ ಒಳಗೆ ಬಂದು ನೋಡಬಹುದು ಎಂದು ಬಾಗಿಲು ತೆರೆದಿತ್ತು. ನಾನು ಬ್ರೆಡ್ ತರಲು ಹೊರಟವಳು ಒಳಗೆ ಹೋದೆ. ಒಂದು ಗಂಟೆಯ ನಂತರ ಬ್ರೆಡ್ ಇಲ್ಲದೆ, ಸದಸ್ಯತ್ವದ ಕಾಗದ ಹಿಡಿದುಕೊಂಡು ಮನೆಗೆ ಬಂದೆ.

ಸಂಘದಲ್ಲಿ ನಾನು ನಿಂತು ಹೊಡೆಯುವವರ ಗುಂಪು ಸೇರಿದೆ. ಯಾವ ಆಸರೆಯೂ ಇಲ್ಲದೆ, ಎರಡು ಕಾಲಿನ ಮೇಲೆ ನಿಂತು, ಬಂದೂಕಿನ ಭಾರವನ್ನೆಲ್ಲ ತಾನೇ ಹೊತ್ತು, ಉಸಿರನ್ನು ಅರ್ಧ ಬಿಟ್ಟು ಅರ್ಧ ಹಿಡಿದು ಗುರಿ ಇಡುವುದು. ಅಷ್ಟು ಹೊತ್ತು ನಾನು ಯಾರ ಹೆಂಡತಿಯೂ ಅಲ್ಲ, ಯಾರ ಅಮ್ಮನೂ ಅಲ್ಲ, ಯಾರ ರಿಪೋರ್ಟಿಗೂ ಸಹಿ ಹಾಕಬೇಕಾದವಳಲ್ಲ. ಆ ಸುಖವನ್ನು ಕೆಲವು ವರ್ಷ ಅನುಭವಿಸಿದೆ. ಅಷ್ಟರಲ್ಲಿ ಬಲಭುಜ ಹಿಡಿದುಕೊಂಡಿತು. ಆಪರೇಶನ್ ಆಯಿತು, ವ್ಯಾಯಾಮವೂ ಆಯಿತು. ಕೈ ಮೇಲೆ ಹೋಯಿತು, ಆದರೆ ಮೊದಲಿನಂತಲ್ಲ. ಕ್ಲಬ್ಬಿನ ಬಂದೂಕು ಕಬ್ಬಿಣದ ದಿಮ್ಮಿ. ಅದರಲ್ಲಿ ಒಂದೊಂದು ಗುಂಡಿಗೂ ಹಿಡಿಕೆಯನ್ನು ಎತ್ತಿ, ಎಳೆದು, ತಳ್ಳಿ, ಇಳಿಸಬೇಕು. ನಾಲ್ಕು ಸಲ ಹಾಗೆ ಮಾಡಿದರೆ ಭುಜ ಬೆಂಕಿಯಾಗುತ್ತಿತ್ತು.

ಸಂಘದ ಕ್ರೀಡಾ ಮುಖ್ಯಸ್ಥೆ ಉಲ್ರಿಕೆ ಒಳ್ಳೆಯ ಹೆಂಗಸು. ನಾನು ನೋವಿಗೆ ಮುಖ ಹಿಂಡುವುದನ್ನು ಕೆಲವು ವಾರ ನೋಡಿ ಒಂದು ದಿನ ಪಕ್ಕಕ್ಕೆ ಕರೆದಳು. ವಯಸ್ಸಾದವರಿಗೆ ಔಫ್‌ಲಾಗೆ ಎಂಬ ವಿಭಾಗವಿದೆಯಲ್ಲ, ಅಲ್ಲಿಗೆ ಬಾ ಎಂದಳು. ಎದುರಿಗೆ ಒಂದು ಸ್ಟ್ಯಾಂಡು, ಅದರ ತಲೆಯ ಮೇಲೆ ಒಂದು ಹಲಗೆ, ಹಲಗೆಯ ಮೇಲೆ ಬಂದೂಕಿಟ್ಟು ಹೊಡೆಯುವುದು, ಅದೇ ಔಫ್‌ಲಾಗೆ. ಅದರಲ್ಲೂ ಕೌಶಲ ಬೇಕು, ಅದನ್ನು ಪ್ರೀತಿಯಿಂದ ಮಾಡುವವರಿದ್ದಾರೆ, ಅವರ ಬಗ್ಗೆ ನನ್ನ ತಕರಾರಿಲ್ಲ. ಆದರೆ ನನಗೆ ಅದು ಬೇಡವಾಗಿತ್ತು. ನಿಂತೇ ಹೊಡೆಯುತ್ತೇನೆ ಎಂದೆ. ಉಲ್ರಿಕೆ ಸ್ವಲ್ಪ ಯೋಚಿಸಿ ಒಂದು ಕರಾರು ಹಾಕಿದಳು. ಶರತ್ಕಾಲದ ಸಂಘದ ಪಂದ್ಯದಲ್ಲಿ ಎಲ್ಲ ಸುತ್ತುಗಳನ್ನೂ ನಿಂತು ಮುಗಿಸಿದರೆ ನಿಂತು ಹೊಡೆಯುವ ತಂಡದಲ್ಲಿ ನನ್ನ ಜಾಗ ನನಗೆ. ಮಧ್ಯದಲ್ಲಿ ಬಿಟ್ಟರೆ ಆ ಜಾಗ ಬೇರೆಯವರಿಗೆ, ನಾನು ಹಲಗೆಗೆ.

ಮನೆಗೆ ಬಂದು ಹೇಳಿದರೆ ನಮ್ಮ ಯಜಮಾನರು ಪೇಪರಿನಿಂದ ತಲೆ ಎತ್ತಲಿಲ್ಲ. ಹುಬ್ಬಳ್ಳಿಯವರು, ಯಾವುದಕ್ಕೂ ಗಾಬರಿಯಾಗುವ ಪೈಕಿಯಲ್ಲ.

"ಅಲ್ಲ ವಸೂ, ಆ ಹಲಗಿ ಮ್ಯಾಲ ಇಟ್ಟು ಹೊಡದ್ರ ಏನು ಹೋಗ್ತದ? ನೀ ಹೆಂಗ ಹಿಡದಿದ್ದಿ ಅಂತ ಗುಂಡಿಗೇನು ಗೊತ್ತಾಗ್ತದೇನು?"

"ಗುಂಡಿಗೆ ಗೊತ್ತಾಗಲ್ಲ ರೀ, ನಂಗೆ ಗೊತ್ತಾಗುತ್ತೆ" ಎಂದೆ.

ಅವರು ಆಮೇಲೆ ಆ ಮಾತು ಎತ್ತಲಿಲ್ಲ. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ನನ್ನ ಯಾವ ದನಿಗೆ ಉತ್ತರ ಕೊಡಬಾರದು ಎಂದು ಅವರಿಗೆ ಗೊತ್ತಿದೆ.

ನನಗೆ ಬೇಕಾದದ್ದು ಸ್ಪಷ್ಟವಾಗಿತ್ತು. ಭುಜಕ್ಕೆ ಹಗುರವಾಗಬೇಕು. ಒಂದು ಗುಂಡು ಹೋದ ಮೇಲೆ ಮುಂದಿನದನ್ನು ಬಂದೂಕು ತಾನೇ ಏರಿಸಿಕೊಳ್ಳಬೇಕು, ಅಂದರೆ ಸೆಮಿ ಆಟೋಮ್ಯಾಟಿಕ್ ಆಗಬೇಕು. ಗುರಿ ತಪ್ಪಬಾರದು. ಮತ್ತು ಅಗ್ಗವಾಗಿರಬೇಕು, ಏಕೆಂದರೆ ಆ ವರ್ಷ ನಮ್ಮ ಬಾತ್‌ರೂಮ್ ರಿಪೇರಿಗೆ ಬಂದವನು ಟೈಲ್ಸ್ ಜೊತೆಗೆ ನಮ್ಮ ಉಳಿತಾಯವನ್ನೂ ಕಿತ್ತುಕೊಂಡು ಹೋಗಿದ್ದ. ಇದನ್ನೆಲ್ಲ ಹೆರ್ ಲಿಂಡ್ನರ್ ಎಂಬ ಬಂದೂಕು ರಿಪೇರಿಯವರ ಮುಂದೆ ಹೇಳಿದೆ. ಅವರಿಗೆ ಲೈಸೆನ್ಸ್ ಉಳ್ಳ ಅಂಗಡಿ ಇದೆ, ನಮ್ಮ ಸಂಘದ ಸದಸ್ಯರೂ ಹೌದು. ಮಾತಿನಲ್ಲಿ ಬಹಳ ಜೋರು. ಅವರು ಕನ್ನಡಕವನ್ನು ಹಣೆಯ ಮೇಲೆ ಏರಿಸಿ, ಫ್ರಾವ್ ಡಾಕ್ಟರ್, ಹಗುರ, ನಿಖರ, ಅಗ್ಗ, ಈ ಮೂರೂ ಒಂದೇ ಅಂಗಡಿಯಲ್ಲಿ ಸಿಗುವುದಿಲ್ಲ ಎಂದರು. ಹಾಗಾದರೆ ಮೂರು ಅಂಗಡಿಗೆ ಹೋಗುತ್ತೇನೆ ಎಂದು ಹೇಳಿ ಎದ್ದು ಬಂದೆ.

ಮೂರು ಅಂಗಡಿ ಸುತ್ತುವುದು ನನಗೆ ಅಮ್ಮ ಕಲಿಸಿದ ವಿದ್ಯೆ. ಪ್ರೆಶರ್ ಕುಕ್ಕರ್ ಕೊಳ್ಳಲು ಅವಳ ಜೊತೆ ಪೇಟೆಗೆ ಹೋದ ದಿನ ಇನ್ನೂ ನೆನಪಿದೆ. ಅಂಗಡಿಯವನು ಹೊಳೆಯುವ ಹಿಡಿ, ಬಣ್ಣದ ಡಬ್ಬ ಎಲ್ಲವನ್ನೂ ತೋರಿಸುತ್ತಿದ್ದರೆ ಅಮ್ಮ ಕುಕ್ಕರನ್ನು ಮಗುಚಿ ಹಾಕಿ ಬೆರಳಿನ ಗೆಣ್ಣಿನಿಂದ ಅದರ ತಳ ಬಡಿದು ಕೇಳುತ್ತಿದ್ದಳು. ಹಿಡಿ ಹೋದರೆ ಹಾಕಿಸಬಹುದು, ತಳ ಹೋದರೆ ಏನು ಮಾಡ್ತೀಯ ಎನ್ನುವುದು ಅವಳ ವಾದ. ನಾನು ಅದೇ ವಾದವನ್ನು ಬಂದೂಕಿಗೆ ಹಚ್ಚಿದೆ. ಗುಂಡು ಸರಿಯಾಗಿ ಹೋಗಬೇಕಾದರೆ ನಳಿಗೆ ಚೆನ್ನಾಗಿರಬೇಕು, ಟ್ರಿಗರ್ ಚೆನ್ನಾಗಿರಬೇಕು. ಇವೆರಡಕ್ಕೆ ಕೈ ಬಿಚ್ಚಿ ಖರ್ಚು ಮಾಡುವುದು, ಉಳಿದದ್ದಕ್ಕೆಲ್ಲ ಜಿಪುಣತನ.

ಅಸ್ತಿಭಾರಕ್ಕೆ ಒಂದು ಹಳೆಯ ಪಾಯಿಂಟ್ ಟೂಟೂ, ಅಂದರೆ ಸಣ್ಣ ಗುಂಡಿನ, ಬಂದೂಕು ಸಿಕ್ಕಿತು. ಸಾಮಾನ್ಯ ಮಾದರಿ, ಎಲ್ಲರೂ ಬಳಸಿ ಬಿಟ್ಟದ್ದು. ಅದರ ಒಳ್ಳೆಯ ಗುಣವೆಂದರೆ ಅದಕ್ಕೆ ಹೊಂದುವ ಬಿಡಿಭಾಗಗಳು ಎಲ್ಲೆಡೆ ದೊರೆಯುತ್ತವೆ. ನಳಿಗೆಯ ವಿಷಯಕ್ಕೆ ಬಂದಾಗ ಲಿಂಡ್ನರ್ ದಪ್ಪ ಉಕ್ಕಿನದನ್ನೇ ಹಾಕಿಸಿ ಎಂದು ಹಟ ಹಿಡಿದರು. ಭಾರವಿದ್ದರೆ ಬಂದೂಕು ಅಲುಗುವುದಿಲ್ಲ ಎಂದರು. ಅವರ ಮಾತು ಪುಸ್ತಕದ ಪ್ರಕಾರ ಸರಿ. ಆದರೆ ಭಾರಕ್ಕೆ ನನ್ನ ಕೈಯೇ ಅಲುಗಿದರೆ ಬಂದೂಕಿನ ಸ್ಥಿರತೆಯನ್ನು ಕಟ್ಟಿಕೊಂಡು ಏನು ಮಾಡಲಿ? ಒಳಗೆ ತೆಳುವಾದ ಉಕ್ಕು, ಹೊರಗೆ ಅಲ್ಯೂಮಿನಿಯಂ ಕವಚ ಇರುವ ಗಿಡ್ಡ ನಳಿಗೆಯೊಂದನ್ನು ಪಟ್ಟು ಹಿಡಿದು ತರಿಸಿದೆ. ಇಂಥ ಸಣ್ಣ ಗುಂಡಿಗೆ ಉದ್ದ ನಳಿಗೆಯ ಅಗತ್ಯವೇ ಇಲ್ಲ ಎಂದು ನಾನೂ ಓದಿಕೊಂಡಿದ್ದೆ. ಲಿಂಡ್ನರ್ ಗೊಣಗುತ್ತಲೇ ಅದನ್ನು ಕೂಡಿಸಿದರು, ಗೊಣಗುತ್ತಲೇ ಪರೀಕ್ಷೆಗೆ ಹೊಡೆದರು, ಆಮೇಲೆ ಗೊಣಗದೆ ಕಾಗದದ ಗುರಿಯನ್ನು ನನ್ನ ಮುಂದೆ ತಳ್ಳಿದರು.

ಬಂದೂಕಿನ ಮರ, ಅಂದರೆ ಭುಜಕ್ಕೆ ಆನಿಸಿಕೊಳ್ಳುವ ಭಾಗ, ಸಂಘದ ಸದಸ್ಯರೊಬ್ಬರ ನೆಲಮಾಳಿಗೆಯಲ್ಲಿ ಧೂಳು ತಿನ್ನುತ್ತಿತ್ತು. ಅಕ್ರೋಟು ಮರದ್ದು. ಒಂದು ಡಬ್ಬಿ ಕೋಡುಬಳೆ ಕೊಟ್ಟು ತಂದೆ. ಅದು ಗಂಡಸಿನ ತೋಳಿಗೆ ಮಾಡಿದ್ದು, ಉದ್ದ, ತೂಕವೂ ಹೆಚ್ಚು. ಇಡೀ ಬೇಸಿಗೆ ಬಾಲ್ಕನಿಯಲ್ಲಿ ಕುಳಿತು ಉಳಿ, ಅರ, ಉಪ್ಪುಕಾಗದ ಹಿಡಿದು ಅದನ್ನು ತೆಳ್ಳಗೆ ಮಾಡಿದೆ. ಹಿಂಭಾಗವನ್ನು ಒಳಗಿನಿಂದ ಕೊರೆದೆ. ಕೆಳಗಿನ ಮನೆಯ ಅಜ್ಜಿ ಮರದ ಪುಡಿ ತನ್ನ ಹೂಕುಂಡಗಳ ಮೇಲೆ ಬೀಳುತ್ತಿದೆ ಎಂದು ದೂರು ತಂದಳು, ಆಮೇಲೆ ಏನು ಮಾಡುತ್ತಿದ್ದೀ ಎಂದು ಕೇಳಿ ತಾನೇ ಕುರ್ಚಿ ಎಳೆದು ಕುಳಿತಳು. ನಮ್ಮ ಯಜಮಾನರು ದಿನಾ ಸಂಜೆ ಅದನ್ನು ಕೈಯಲ್ಲಿ ತೂಗಿ ನೋಡಿ, ಇನ್ನೂ ಕೆತ್ತಿದರೆ ಲಟ್ಟಣಿಗೆಯಾಗುತ್ತದೆ ಎಂದು ಎಚ್ಚರಿಸುತ್ತಿದ್ದರು. ಟ್ರಿಗರ್ ಪೆಟ್ಟಿಗೆ, ಅಂದರೆ ಟ್ರಿಗರೂ ಅದರ ಒಳಯಂತ್ರವೂ ಇರುವ ಭಾಗ, ಮಾತ್ರ ಹೊಚ್ಚ ಹೊಸದು. ಬೆರಳು ತಾಗಿಸಿದರೆ ಸಾಕು, ಗಾಜಿನ ಕಡ್ಡಿ ಮುರಿದ ಹಾಗೆ ಟಕ್ಕೆನ್ನುತ್ತದೆ. ಗುರಿ ನೋಡಲು ದುಬಾರಿ ದೂರದರ್ಶಕದ ಬದಲು ಪುಟ್ಟದೊಂದು ಸೈಟ್ ಹಾಕಿಸಿದೆ. ಅದರ ಗಾಜಿನಲ್ಲಿ ಒಂದು ಕೆಂಪು ಚುಕ್ಕೆ ಕಾಣುತ್ತದೆ. ಜೀವಮಾನವಿಡೀ ಕನ್ನಡಿಯಲ್ಲಿ ಕುಂಕುಮದ ಚುಕ್ಕೆಯನ್ನು ನಡುಮಧ್ಯಕ್ಕೆ ತರುವ ಅಭ್ಯಾಸ ಇದ್ದವಳಿಗೆ ಅದೇನು ಕಷ್ಟ?

ಈ ಸುದ್ದಿ ನಮ್ಮ ಕನ್ನಡ ಬಳಗಕ್ಕೆ ಬಿಸಿಬೇಳೆ ಭಾತಿನ ಜೊತೆಗೆ ತಲುಪಿತು. ಯಾರದೋ ಮನೆಯ ಹುಟ್ಟುಹಬ್ಬದಲ್ಲಿ ನಮ್ಮ ಯಜಮಾನರು ಬಾಯಿತಪ್ಪಿ ಹೇಳಿಬಿಟ್ಟರು. ಬಂದೂಕು ಎನ್ನುವ ಶಬ್ದವನ್ನು ಹೇಗೋ ಸಹಿಸಿಕೊಂಡ ಜನ ಸೆಮಿ ಆಟೋಮ್ಯಾಟಿಕ್ ಎಂದ ಕೂಡಲೇ ಚಮಚ ಕೆಳಗಿಟ್ಟರು. ನಮ್ಮೆಲ್ಲರ ಅಮ್ಮಂದಿರ ಬಳಿ ಸೆಮಿ ಆಟೋಮ್ಯಾಟಿಕ್ ವಾಷಿಂಗ್ ಮಷಿನ್ ಇತ್ತು, ಯಾರೂ ಹೆದರಿ ಊರು ಬಿಟ್ಟಿರಲಿಲ್ಲ ಎಂದು ನಾನು ಹೇಳಿದೆ. ಅದರಲ್ಲೂ ಅರ್ಧ ಕೆಲಸ ನಾವೇ ಮಾಡಬೇಕಿತ್ತು, ಇದರಲ್ಲೂ ಅಷ್ಟೇ. ಯಾರೂ ನಗಲಿಲ್ಲ. ಒಬ್ಬಾಕೆ ಯೋಗ ಸೂಚಿಸಿದಳು. ಇನ್ನೊಬ್ಬಾಕೆ, ಮನೆಯಲ್ಲಿ ದೇವರಿದ್ದಾರಲ್ಲ, ಹೇಗೆ ಇಟ್ಟುಕೊಳ್ಳುತ್ತೀರಿ ಎಂದು ಪಿಸುಗುಟ್ಟಿದಳು. ನಮ್ಮ ದೇವರ ಕೈಯಲ್ಲಿ ಏನೇನಿದೆ ಎಂದು ಒಮ್ಮೆ ಫೋಟೋ ನೋಡಿ ಬಾಮ್ಮ ಎಂದೆ.

ಸುಮ್ಮನೆ ಇಟ್ಟುಕೊಳ್ಳುವ ಮಾತೂ ಅಲ್ಲ. ಈ ದೇಶದಲ್ಲಿ ಬಂದೂಕಿಗೆ ಪರವಾನಗಿ ಪಡೆಯುವುದು ಹೆಣ್ಣು ನೋಡುವ ಶಾಸ್ತ್ರಕ್ಕಿಂತ ದೀರ್ಘ. ಪಾಠ, ಪರೀಕ್ಷೆ, ಸಂಘದ ಶಿಫಾರಸು, ಕಾಯುವುದು, ಮತ್ತೆ ಕಾಯುವುದು. ಬಂದೂಕಿಗೊಂದು ಉಕ್ಕಿನ ಸೇಫ್ ಕಡ್ಡಾಯ. ಅದನ್ನು ಪರೀಕ್ಷಿಸಲು ವಾಫೆನ್‌ಬೆಹೋರ್ಡೆಯ, ಅಂದರೆ ಆಯುಧ ಇಲಾಖೆಯ, ಅಧಿಕಾರಿಯೊಬ್ಬರು ಮನೆಗೇ ಬಂದರು. ದೇವರ ಮೂಲೆಯಲ್ಲಿ ದೀಪ ಉರಿಯುತ್ತಿದ್ದದ್ದನ್ನು ಕಂಡು ಅವರು ತಾವಾಗಿಯೇ ಶೂ ಬಿಚ್ಚಿ ಕಾಲುಚೀಲದಲ್ಲಿ ಓಡಾಡಿದರು. ನಮ್ಮ ಬಳಗದವರಿಗಿಂತ ಆ ಮನುಷ್ಯನಿಗೆ ದೇವರೂ ಬಂದೂಕೂ ಒಂದೇ ಮನೆಯಲ್ಲಿರುವುದು ಸಲೀಸಾಗಿ ಅರ್ಥವಾಯಿತು.

ಅಂತೂ ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಬಂದೂಕು ಸಿದ್ಧವಾಯಿತು. ಎತ್ತಿದರೆ ಭುಜ ಬೈಯಲಿಲ್ಲ. ಅಭ್ಯಾಸದಲ್ಲಿ ಒಂದರ ಪಕ್ಕ ಒಂದು ತೂತು ಬೀಳತೊಡಗಿತು. ಪಂದ್ಯ ಒಂದು ಭಾನುವಾರಕ್ಕೆ ಗೊತ್ತಾಗಿತ್ತು. ಅದರ ಹಿಂದಿನ ದಿನ, ಶನಿವಾರ ಸಂಜೆ, ಬಳಗದ ಆಯುಧ ಪೂಜೆ. ಇಲ್ಲಿ ಹಬ್ಬಗಳು ಪಂಚಾಂಗ ನೋಡಿ ಬರುವುದಿಲ್ಲ, ಹಾಲ್ ಖಾಲಿ ಇರುವ ದಿನ ಬರುತ್ತವೆ.

ಆಯುಧ ಪೂಜೆ ಎಂದರೆ ನನಗೆ ಈಗಲೂ ಮೂಗಿಗೆ ಬರುವುದು ಗ್ರೀಸಿನ ವಾಸನೆ. ಅಪ್ಪ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಮಷಿನ್ ಶಾಪಿನ ಫೋರ್‌ಮನ್ ಆಗಿದ್ದರು. ವರ್ಷವಿಡೀ ನಮಗೆ ಗೇಟಿನ ಆಚೆಗೇ ಜಾಗ. ಆಯುಧ ಪೂಜೆಯ ದಿನ ಮಾತ್ರ ಮನೆಮಂದಿಯೆಲ್ಲ ಒಳಗೆ ಹೋಗಬಹುದಿತ್ತು. ಲೇತುಗಳಿಗೆ ಬಾಳೆಕಂದು ಕಟ್ಟಿ, ಚೆಂಡುಹೂವಿನ ಹಾರ ಹಾಕಿ, ವಿಭೂತಿ ಬಳಿದಿರುತ್ತಿದ್ದರು. ಎಂದೂ ಸುಮ್ಮನಿರದ ಯಂತ್ರಗಳು ಅವತ್ತು ಬಾಯಿ ಮುಚ್ಚಿ ನಿಂತಿರುತ್ತಿದ್ದವು. ಕುಂಕುಮ ತುಂಬಿದ ಬೂದುಗುಂಬಳಕಾಯಿ ಒಡೆಯುವ ಸದ್ದಿಗೆ ಹೆದರಿ ಚಿಕ್ಕವರು ಅಮ್ಮಂದಿರ ಸೆರಗು ಹಿಡಿಯುತ್ತಿದ್ದರು, ಆಮೇಲೆ ಪುರಿ ಕಡ್ಲೆಗೆ ಕೈ ಒಡ್ಡುತ್ತಿದ್ದರು. ಅಪ್ಪ ಮಾತ್ರ ಪೂಜೆಗೆ ಮುಂಚೆ ಒಂದೊಂದು ಯಂತ್ರದ ಬಳಿಗೂ ಹೋಗಿ ಗೇರುಗಳ ಮೇಲೆ ಹಳೆಯ ಬಟ್ಟೆ ಹೊದಿಸುತ್ತಿದ್ದರು. ಯಾಕೆ ಎಂದು ಕೇಳಿದ್ದಕ್ಕೆ, "ಅಕ್ಷತೆ ಯಾಕೆ ಹಾಕಿದ್ರು ಅಂತ ದೇವ್ರಿಗೆ ಗೊತ್ತಾಗುತ್ತೆ ಮಗಳೇ, ಗೇರಿಗೆ ಗೊತ್ತಾಗಲ್ಲ" ಎಂದಿದ್ದರು. ಪೂಜೆಗೆ ಇಟ್ಟದ್ದನ್ನು ಅವತ್ತು ಯಾರೂ ಮುಟ್ಟುವಂತಿರಲಿಲ್ಲ. ಮರುದಿನ ಬೆಳಿಗ್ಗೆ ಅಪ್ಪನೇ ಬಟ್ಟೆ ತೆಗೆದು ಸ್ವಿಚ್ ಹಾಕುತ್ತಿದ್ದರು.

ಹೀಗಾಗಿ ಬಳಗದ ವಾಟ್ಸಾಪಿನಲ್ಲಿ "ನಿಮ್ಮ ನಿಮ್ಮ ಆಯುಧಗಳನ್ನು ತನ್ನಿ" ಎಂದು ಸಂದೇಶ ಬಂದಾಗ, ನನ್ನದನ್ನೂ ತರುತ್ತೇನೆ ಎಂದು ಬರೆದೆ. ಕಾಫಿ ಆರುವಷ್ಟರಲ್ಲಿ ಬಳಗದ ಅಧ್ಯಕ್ಷ ನಾಗೇಂದ್ರನ ಫೋನ್ ಬಂತು. ಬೆಂಗಳೂರಿನ ಹುಡುಗ, ಸಾಫ್ಟ್‌ವೇರಿನಲ್ಲಿದ್ದಾನೆ, ಬಹಳ ವಿನಯ.

"ಮೇಡಂ, ತಪ್ಪು ತಿಳ್ಕೋಬೇಡಿ. ನೀವು ತರ್ತೀನಿ ಅಂದಿದ್ದು ಅದನ್ನಾ?"

"ಹೌದು ನಾಗೇಂದ್ರ. ಆಯುಧ ಪೂಜೆ ಅಂತ ನೀವೇ ಹಾಕಿದ್ದೀರಲ್ಲ."

"ಅದು ಸಿಂಬಾಲಿಕ್ ಮೇಡಂ. ಲ್ಯಾಪ್‌ಟಾಪ್, ಕಾರ್ ಕೀ, ಆ ಥರ. ಫ್ಯಾಮಿಲಿಗಳೆಲ್ಲ ಬರ್ತಾರೆ. ಹಾಲ್‌ನವರಿಗೆ ಗೊತ್ತಾದ್ರೆ ನೆಕ್ಸ್ಟ್ ಟೈಮ್ ಹಾಲೇ ಕೊಡಲ್ಲ."

"ಅಂದ್ರೆ ಆಯುಧ ಪೂಜೆಗೆ ಆಯುಧ ಒಂದು ಬಿಟ್ಟು ಎಲ್ಲಾ ತರಬಹುದು ಅನ್ನಿ."

 ಅವನನ್ನು ಇನ್ನಷ್ಟು ಗೋಳುಹೊಯ್ದುಕೊಳ್ಳಲು ಮನಸ್ಸಿತ್ತು, ಆದರೆ ವಿಷಯದಲ್ಲಿ ಅವನೇ ಸರಿ. ಹಬ್ಬ ಸಭೆಗಳಿಗೆ ಬಂದೂಕು ಒಯ್ಯುವುದಕ್ಕೆ ಇಲ್ಲಿನ ಕಾನೂನೂ ಬಿಡುವುದಿಲ್ಲ, ನನ್ನ ಬುದ್ಧಿಯೂ ಬಿಡುವುದಿಲ್ಲ. ನಳಿಗೆ ಮತ್ತು ಅದಕ್ಕೆ ಅಂಟಿದ ಉಕ್ಕಿನ ಭಾಗಗಳು ಸೇಫಿನಲ್ಲೇ ಇರುತ್ತವೆ, ನಾನು ತರುವುದು ಮರ ಮತ್ತು ಟ್ರಿಗರ್ ಪೆಟ್ಟಿಗೆ ಮಾತ್ರ, ಅವೆರಡಕ್ಕೆ ಪರವಾನಗಿಯೇ ಬೇಕಿಲ್ಲ ಎಂದು ವಿವರಿಸಿದೆ.

"ಹಾಗಾದ್ರೆ ಅದು ಆಯುಧ ಅಲ್ವಾ ಮೇಡಂ?"

"ಸರ್ಕಾರದ ಪ್ರಕಾರ ಅಲ್ಲ, ನನ್ನ ಪ್ರಕಾರ ಹೌದು. ನಿಮ್ಮ ಲ್ಯಾಪ್‌ಟಾಪ್ ಆಯುಧ ಆಗೋದಾದ್ರೆ ನಾನು ಬೇಸಿಗೆಯೆಲ್ಲ ಕೂತು ಕೆತ್ತಿದ ಮರ ಯಾಕೆ ಆಗಬಾರದು, ನೀವೇ ಹೇಳಿ."

ಕಮಿಟಿಯನ್ನು ಕೇಳಿ ಹೇಳುತ್ತೇನೆ ಎಂದ. ಕೇಳಿ, ನಾನಂತೂ ಬರುತ್ತೇನೆ ಎಂದೆ. ಕಮಿಟಿ ಏನು ಹೇಳಿತೋ ಗೊತ್ತಿಲ್ಲ, ಅವನು ಮತ್ತೆ ಫೋನ್ ಮಾಡಲಿಲ್ಲ.

ಶನಿವಾರ ರೇಷ್ಮೆ ಸೀರೆಯುಟ್ಟು, ಮರವನ್ನು ಮಡಿಬಟ್ಟೆಯಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಹಾಲಿಗೆ ಹೋದೆ. ಉದ್ದನೆಯ ಮೇಜಿನ ಮೇಲೆ ಲ್ಯಾಪ್‌ಟಾಪುಗಳು, ಕಾರ್ ಕೀಗಳು, ಒಂದು ಸ್ಟೆತಾಸ್ಕೋಪು, ಒಂದು ಮಿಕ್ಸಿ. ನಾನು ಸ್ಟೆತಾಸ್ಕೋಪಿನ ಪಕ್ಕದಲ್ಲಿ ಮಡಿಬಟ್ಟೆ ಹಾಸಿ ಅದರ ಮೇಲೆ ಮರವನ್ನಿಟ್ಟೆ, ಅದರ ಪಕ್ಕ ಮೇಲ್ಭಾಗ ತೆರೆದೇ ಇರುವ ಟ್ರಿಗರ್ ಪೆಟ್ಟಿಗೆ. ಸುತ್ತ ನಿಂತವರು ಎರಡು ಹೆಜ್ಜೆ ಹಿಂದೆ ಸರಿದರು. ಪೀಠೋಪಕರಣದ ಅಂಗಡಿಯಲ್ಲಿ ಸಾವಿರ ಸಲ ಮುಟ್ಟುವಂಥ ಮರದ ತುಂಡು, ಅದಕ್ಕೆ ಹೆದರಿದರು! ಯೋಗ ಸೂಚಿಸಿದ್ದ ಮಹಾತಾಯಿ ತನ್ನ ಮಿಕ್ಸಿಯನ್ನು ಎತ್ತಿ ಮೇಜಿನ ಇನ್ನೊಂದು ತುದಿಗೆ ಒಯ್ದಳು. ನಾನು ಅಲುಗಲಿಲ್ಲ. ಹಣೆಯಲ್ಲಿ ಬೆವರು ಬರುತ್ತಿತ್ತು, ಅದು ಬೇರೆ ಮಾತು. ನಮ್ಮ ಯಜಮಾನರು ಎಂದೂ ಪೂಜೆ ಪುನಸ್ಕಾರದ ಹತ್ತಿರ ಸುಳಿಯದವರು, ಬಂದು ನನ್ನ ಪಕ್ಕದಲ್ಲಿ ಕೈಮುಗಿದು ನಿಂತರು. ನನಗೆ ಕಣ್ಣು ತುಂಬಿತು.

ಪೂಜೆ ಮಾಡಿಸಿದವನು ಐಟಿಯ ಇನ್ನೊಬ್ಬ ಹುಡುಗ, ಮೊಬೈಲ್ ನೋಡಿಕೊಂಡು ಮಂತ್ರ ಹೇಳುತ್ತಾನೆ. ಅಕ್ಷತೆಯಲ್ಲಿ ಅವನ ಕೈ ಧಾರಾಳ. ಲ್ಯಾಪ್‌ಟಾಪಿನವರೆಲ್ಲ ಬುದ್ಧಿವಂತರು, ಮುಚ್ಚಳ ತೆರೆಯದೆ ಇಟ್ಟಿದ್ದರು. ಎಲ್ಲರ ಮುಂದೆ ಗೆದ್ದೆ ಎನ್ನುವ ಜಂಬದಲ್ಲಿ ನನಗೆ ಅಪ್ಪನ ಬಟ್ಟೆ ನೆನಪಾಗಲಿಲ್ಲ. ಪೂಜೆಗಿಟ್ಟದ್ದನ್ನು ಅಂದು ಮುಟ್ಟಬಾರದು ಎನ್ನುವುದು ಮಾತ್ರ ಚೆನ್ನಾಗಿ ನೆನಪಿತ್ತು. ಹಾಗಾಗಿ ಬಟ್ಟೆಯ ನಾಲ್ಕು ಮೂಲೆ ಹಿಡಿದು ಹಾಗೇ ಗಂಟು ಕಟ್ಟಿ ಮನೆಗೆ ತಂದೆ. ಭಾನುವಾರ ಬೆಳಿಗ್ಗೆ ಅವಸರದಲ್ಲಿ ಕೊಡವಿ, ಜೋಡಿಸಿ, ಪೆಟ್ಟಿಗೆಯಲ್ಲಿಟ್ಟು ಪಂದ್ಯಕ್ಕೆ ಹೊರಟೆ.

ನನ್ನ ಜಾಗಕ್ಕೆ ಹೋಗಿ ನೋಡಿದರೆ ಪಕ್ಕದಲ್ಲಿ ಔಫ್‌ಲಾಗೆಯ ಸ್ಟ್ಯಾಂಡು ನಿಂತಿತ್ತು. ಯಾವುದಕ್ಕೂ ಇರಲಿ ಎಂದು ಇಟ್ಟಿದ್ದೇನೆ, ಭುಜ ನೋವಾದರೆ ಸಂಕೋಚ ಬೇಡ ಎಂದಳು ಉಲ್ರಿಕೆ. ಕನಿಕರದಿಂದಲೇ ಹೇಳಿದ್ದು. ಬೈಗುಳವಾಗಿದ್ದರೆ ನನಗೆ ಅಷ್ಟು ಚುಚ್ಚುತ್ತಿರಲಿಲ್ಲ. ನಾನು ಅದರ ಕಡೆ ನೋಡದೆ ನಿಂತೆ.

ಮೊದಲ ಸುತ್ತು ಚೆನ್ನಾಗಿ ಹೋಯಿತು. ಎರಡನೆಯದೂ ಹೋಯಿತು. ಕೆಂಪು ಚುಕ್ಕೆ ನಡುವೆ ಬಂದು ಕೂರುತ್ತಿತ್ತು, ಟ್ರಿಗರ್ ಟಕ್ಕೆನ್ನುತ್ತಿತ್ತು, ಮುಂದಿನ ಗುಂಡು ತಾನಾಗಿ ಬರುತ್ತಿತ್ತು. ಕೊನೆಯ ಸುತ್ತು ಶುರುವಾದಾಗ ಬೆರಳು ಒತ್ತಿದೆ. ಏನೂ ಆಗಲಿಲ್ಲ. ಟ್ರಿಗರ್ ಕಲ್ಲಿನ ಹಾಗೆ ನಿಂತಿತ್ತು. ಬಂದೂಕಿನ ಬಾಯಿಯನ್ನು ಗುರಿಯ ಕಡೆಗೇ ಇಟ್ಟುಕೊಂಡು, ನಿಯಮದ ಪ್ರಕಾರ ಗುಂಡು ಹೊರತೆಗೆದು ಕೈ ಎತ್ತಿದೆ.

ಉಲ್ರಿಕೆ ಬಂದಳು, ಹಿಂದೆಯೇ ಲಿಂಡ್ನರ್ ಬಂದರು. ಅಗ್ಗದ ಭಾಗಗಳನ್ನು ಹಾಕಿಕೊಂಡರೆ ಹೀಗೆಯೇ ಎಂದು ಲಿಂಡ್ನರ್ ಶುರುಮಾಡಿದರು. ಕೆಟ್ಟುಹೋದದ್ದು ಇರುವುದರಲ್ಲೇ ದುಬಾರಿಯಾದ ಭಾಗ ಎಂದು ನಾನು ನೆನಪಿಸಿದೆ. ರಿಪೇರಿಗೆ ಸ್ವಲ್ಪ ಸಮಯ ಕೊಡುತ್ತಾರೆ, ಬಹಳವಿಲ್ಲ. ಕ್ಲಬ್ಬಿನ ಬಂದೂಕು ತಂದುಕೊಡುತ್ತೇನೆ, ಸ್ಟ್ಯಾಂಡಿನ ಮೇಲಿಟ್ಟು ಮುಗಿಸಿಬಿಡು, ಯಾರೂ ಏನೂ ಅಂದುಕೊಳ್ಳುವುದಿಲ್ಲ ಎಂದಳು ಉಲ್ರಿಕೆ.

"ಬೇಡ" ಎಂದೆ. ಕನ್ನಡದಲ್ಲೇ ಬಂತು. ಅವಳಿಗೆ ಅರ್ಥವಾಯಿತು.

ಎರಡು ಪಿನ್ನು ತಳ್ಳಿ ಟ್ರಿಗರ್ ಪೆಟ್ಟಿಗೆಯನ್ನು ಹೊರತೆಗೆದೆ. ಲಿಂಡ್ನರ್ ಟಾರ್ಚ್ ಹಿಡಿದರು. ಒಳಗೆ, ಎರಡು ಉಕ್ಕಿನ ತುಣುಕುಗಳ ನಡುವೆ, ಏನೋ ಹಳದಿ. ನನ್ನ ಬ್ಯಾಗಿನಲ್ಲಿ ಲ್ಯಾಬಿನ ಚಿಮಟ ಸದಾ ಇರುತ್ತದೆ.  ಆ ಕ್ಷಣಕ್ಕೆ ಅಪ್ಪ ನೆನಪಾದರು, ಗೇರಿನ ಮೇಲೆ ಬಟ್ಟೆ ಹೊದಿಸುತ್ತಿದ್ದ ಅವರ ಕೈ ನೆನಪಾಯಿತು. ನಗುವೂ ಬಂತು, ಅಳುವೂ ಬಂತು. ಉಸಿರನ್ನು ಅರ್ಧ ಬಿಟ್ಟು ಅರ್ಧ ಹಿಡಿದು ಚಿಮಟ ಒಳಗಿಳಿಸಿ ಎಳೆದೆ. ಅರ್ಧ ಅಕ್ಷತೆ ಕಾಳು ಬಂತು.

ಇದೇನು ಎಂದು ಲಿಂಡ್ನರ್ ಟಾರ್ಚನ್ನು ಇನ್ನೂ ಹತ್ತಿರ ತಂದರು. ಜರ್ಮನ್‌ನಲ್ಲಿ ಆಶೀರ್ವಾದ ಎಂದೆ. ಅವರು ತಮ್ಮ ವೃತ್ತಿಯಲ್ಲಿ ತುಕ್ಕು ಕಂಡಿದ್ದಾರೆ, ಮರಳು ಕಂಡಿದ್ದಾರೆ, ಒಮ್ಮೆ ಜೇಡದ ಗೂಡನ್ನೂ ಕಂಡಿದ್ದಾರಂತೆ. ಇದನ್ನು ಕಂಡಿರಲಿಲ್ಲ. 

ಪೆಟ್ಟಿಗೆಯನ್ನು ಮತ್ತೆ ಕೂಡಿಸಿ ಪರೀಕ್ಷಿಸಿ ಜಾಗಕ್ಕೆ ಬಂದೆ. ಅಷ್ಟು ಹೊತ್ತು ಬಗ್ಗಿ ನಿಂತದ್ದರಿಂದ ಭುಜ ಕಾದಿತ್ತು. ಕೊನೆಯ ಸುತ್ತಿನ ಮೊದಲ ಗುಂಡು ಗುರಿಯ ಅಂಚಿಗೆ ಹೋಯಿತು. ಬಂದೂಕು ಇಳಿಸಿ, ಉಸಿರೆಳೆದು, ಮತ್ತೆ ಎತ್ತಿದೆ. ಪಕ್ಕದಲ್ಲಿ ಹಲಗೆ ಇತ್ತು, ಒಂದು ಹೆಜ್ಜೆಯಾಚೆ. ಹಗುರ ಬಂದೂಕು ಕೂಡ ಕೊನೆಕೊನೆಗೆ ಒರಳುಕಲ್ಲಿನ ಭಾರವಾಯಿತು. ಕೆಂಪು ಚುಕ್ಕೆ ಕುಣಿಯುತ್ತಿತ್ತು. ಕುಣಿಯಲಿ ಎಂದು ಬಿಟ್ಟೆ. ಅದು ನಡುವೆ ಹಾಯುವಾಗ ಬೆರಳು ತಾಗಿಸಿದೆ. ಹೀಗೆ ಒಂದೊಂದಾಗಿ, ಕೊನೆಯದರವರೆಗೆ.

ಗೆಲ್ಲಲಿಲ್ಲ. ಪಟ್ಟಿಯ ನಡುವಿಗಿಂತ ಸ್ವಲ್ಪ ಕೆಳಗಿದ್ದೆ. ನನಗಿಂತ ಕೆಳಗೆ ಇದ್ದವರಲ್ಲಿ ಒಬ್ಬನಿಗೆ ನನ್ನ ಮಗಳ ವಯಸ್ಸು. ಉಲ್ರಿಕೆ ನಿಂತು ಹೊಡೆಯುವ ತಂಡದ ಸಾಲಿನಲ್ಲಿ ನನ್ನ ಹೆಸರು ಬರೆದಳು. ಆಮೇಲೆ ಸ್ಟ್ಯಾಂಡನ್ನು ಒಳಗಿಡಲು ಬಂದಳು. ತಡಿ ಎಂದೆ. ಬ್ಯಾಗಿನಿಂದ ಹಬ್ಬದ ಕೋಡುಬಳೆ ಡಬ್ಬಿಯನ್ನು ತೆಗೆದು, ಮುಚ್ಚಳ ಬಿಚ್ಚಿ, ಹಲಗೆಯ ಮೇಲೆ ಇಟ್ಟೆ. ಸರಿಯಾದ ಎತ್ತರದಲ್ಲಿತ್ತು. ಎಲ್ಲರೂ ಅದರ ಸುತ್ತ ನಿಂತು ತಿಂದರು.